ವೀಸಾ ಪುಟ ಓದುವ ಕ್ರಮ

ವೀಸಾ ಅಂಟಿಸಿದ ಪುಟ ತೆಗೆದ ಕೂಡಲೇ ಎಲ್ಲರ ಕಣ್ಣು ಮೊದಲು ಹೋಗುವುದು ಮುಗಿಯುವ ತಾರೀಖಿಗೆ. ಧಾರವಾಡದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ನಾನು ದಿನಾ ನೋಡುವುದೇ ಇದನ್ನು. ಮಗಳ ಬಾಣಂತನಕ್ಕೆ ಅಮೆರಿಕಾಕ್ಕೆ ಹೊರಟ ಅಕ್ಕಾರು ಒಬ್ಬರು ಮೊನ್ನೆ ಖುಷಿಯಿಂದ ಕೇಳಿದರು: "ತಮ್ಮಾ, ಹತ್ತು ವರ್ಷ ಕೊಟ್ಟಾರ ನೋಡು. ವರ್ಷಗಟ್ಟಲೆ ಅಲ್ಲೇ ಇದ್ರೂ ನಡೀತೈತಲ್ಲಾ?"

ನಡೆಯುವುದಿಲ್ಲ. ಯಾಕೆ ಎನ್ನುವುದು ಆ ಪದದೊಳಗೇ ಇದೆ. ಲ್ಯಾಟಿನ್ನಿನ 'ಕಾರ್ಟಾ ವೀಸಾ' ಎಂದರೆ 'ನೋಡಲಾದ ಕಾಗದ'. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. 19ನೆಯ ಶತಮಾನದಲ್ಲಿ ಇಂಗ್ಲಿಷರು ಫ್ರೆಂಚಿನಂತೆಯೇ 'ವೀಜೇ' ಎನ್ನುತ್ತಿದ್ದರು. ನಮ್ಮ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಷರಾ: ಇವರ ಕಾಗದಪತ್ರ ನೋಡಿದ್ದೇವೆ, ಗಡಿಯತನಕ ಬರಲಿ ಎಂದು. ನೋಡು ಎನ್ನುವ ಅರ್ಥದ ಅದೇ ಲ್ಯಾಟಿನ್ ಧಾತುವಿನಿಂದ 'ವಿಡಿಯೋ' ಕೂಡ ಬಂದಿದೆ. ಸಂಸ್ಕೃತದ 'ವಿದ್' ಕೂಡ ಅದೇ ಮೂಲದ್ದು. ಅಂದಮೇಲೆ ನಮ್ಮ ವಿದ್ಯಾಕಾಶಿಯ ವಿದ್ಯೆಯೂ ಈ ವೀಸಾವೂ ದೂರದ ಬೀಗರಾದಂತಾಯಿತು!

ಇನ್ನು ಪುಟ ಓದೋಣ. ವ್ಯವಹಾರಕ್ಕೆ, ಪ್ರವಾಸಕ್ಕೆ ಹೋಗುವವರಿಗೆ ಕೊಡುವ ಅಮೆರಿಕಾದ ಬಿ-1/ಬಿ-2 ವೀಸಾದಲ್ಲಿ ಮುಗಿಯುವ ತಾರೀಖೆಂದರೆ ಆ ದಿನದವರೆಗೆ ಅವರ ಬಾಗಿಲಿಗೆ ಹೋಗಿ ನಿಲ್ಲಬಹುದು ಎಂದಷ್ಟೇ. 'ಎಂಟ್ರೀಸ್' ಎಂಬಲ್ಲಿ 'ಎಂ' ಇದ್ದರೆ ಎಷ್ಟು ಸಲವಾದರೂ ಹೋಗಬಹುದು. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ವಿಮಾನ ಇಳಿದ ಮೇಲೆ ಅಲ್ಲಿನ ಅಧಿಕಾರಿ ತೀರ್ಮಾನಿಸುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದು ಈಗ ಆನ್‌ಲೈನ್ ಆಗಿದೆ. ಇಳಿದ ಮರುದಿನವೇ ಮಗನಿಗೋ ಅಳಿಯನಿಗೋ ಹೇಳಿ ಪ್ರಿಂಟ್ ತೆಗೆಸಿಟ್ಟುಕೊಳ್ಳಿ. ನೀವು ಅಲ್ಲಿರುವಾಗಲೇ ವೀಸಾ ಮುಗಿದರೂ ಐ-94 ತಾರೀಖು ಇನ್ನೂ ಇದ್ದರೆ ಗಾಬರಿ ಬೇಡ. ಐ-94 ಮುಗಿದರೆ ಮಾತ್ರ, ವೀಸಾದಲ್ಲಿ ಇನ್ನೂ ಎಂಟು ವರ್ಷ ಬಾಕಿ ಇದ್ದರೂ, ನೀವು ಅವಧಿ ಮೀರಿ ಕೂತಂತೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಬೇರೆ ತರಹ. 'ಫ್ರಮ್', 'ಅನ್‌ಟಿಲ್' ನಡುವೆ ಒಂದು ತಿಂಗಳಿರಬಹುದು, ಆದರೆ 'ಡ್ಯುರೇಷನ್ ಆಫ್ ಸ್ಟೇ' ಎಂಬಲ್ಲಿ 15 ದಿನ ಎಂದಿದ್ದರೆ ಹದಿನೈದೇ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. 'ಮಲ್ಟ್', ಅಂದರೆ ಹಲವು ಸಲ ಒಳಗೆ ಬರಬಹುದು, ಎಂದಿದ್ದವರಿಗೂ ಯಾವುದೇ 180 ದಿನಗಳಲ್ಲಿ 90ಕ್ಕಿಂತ ಹೆಚ್ಚಿಲ್ಲ. ಅಲ್ಲೇ ಪಕ್ಕದಲ್ಲಿದೆ ಎಂದು ಲಂಡನ್ನಿಗೆ ಹೋಗಿ ಬರುವ ಯೋಜನೆ ಇದ್ದರೆ ಎಂಟ್ರಿ ಅಂಕಿ ಮೊದಲು ನೋಡಿ. '01' ಇದ್ದರೆ ಹೊರಬಿದ್ದಮೇಲೆ ಮತ್ತೆ ಒಳಗೆ ಬರುವಂತಿಲ್ಲ. ಲಂಡನ್ನಿಗೆ ಬೇರೆ ವೀಸಾ ಬೇಕು, ಅದು ಬೇರೆ ಮಾತು.

ಹೆಸರನ್ನು ಅಕ್ಷರ ಅಕ್ಷರ ಹಿಡಿದು ಪಾಸ್‌ಪೋರ್ಟ್ ಜೊತೆ ತಾಳೆ ನೋಡಬೇಕು. ಕೆಳಗಿನ ಎರಡು ಸಾಲು ಯಂತ್ರ ಓದುವಂಥವು: ವೀಸಾದ್ದು 'ವಿ' ಅಕ್ಷರದಿಂದ, ಪಾಸ್‌ಪೋರ್ಟಿನದು 'ಪಿ'ಯಿಂದ ಶುರು. ಮೊದಲು ಅಡ್ಡಹೆಸರು, ಆಮೇಲೆ ಎರಡು ಬಾಣದ ಗುರುತು, ಆಮೇಲೆ ಸ್ವಂತ ಹೆಸರು. ಹಿರೇಮಠ, ಪಾಟೀಲ, ಮೆಣಸಿನಕಾಯಿ ಎಂದು ಅಡ್ಡಹೆಸರಿರುವ ನಮ್ಮ ಕಡೆಯವರಿಗೆ ಇದರಲ್ಲಿ ತೊಂದರೆ ಕಡಿಮೆ. ಮೈಸೂರು ಕಡೆಯಿಂದ ಬಂದ ಸೊಸೆಯಂದಿರದ್ದೇ ಪೇಚು. ಇನಿಷಿಯಲ್ ಬಿಟ್ಟರೆ ಬೇರೇನಿಲ್ಲದೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ, ಅಮೆರಿಕಾದವರು ಸ್ವಂತ ಹೆಸರನ್ನೇ ಅಡ್ಡಹೆಸರಿನ ಜಾಗದಲ್ಲಿ ಕೂರಿಸಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ತಪ್ಪೇನಲ್ಲ, ಅವರ ಪದ್ಧತಿ. ನಿಜವಾದ ಅಚ್ಚಿನ ತಪ್ಪು ಕಂಡರೆ ಟಿಕೆಟ್‌ಗಿಂತ ಮೊದಲು ವೀಸಾ ಕೊಟ್ಟ ಕಚೇರಿಗೆ ತಿಳಿಸಿ.

ಇನ್ನೊಂದು. ಪಾಸ್‌ಪೋರ್ಟ್ ಅವಧಿ ಮುಗಿದು ಹುಬ್ಬಳ್ಳಿ ಸೇವಾ ಕೇಂದ್ರದಿಂದ ಹೊಸದು ಬಂದರೂ, ಹಳೆಯದರಲ್ಲಿರುವ ಅಮೆರಿಕಾ ವೀಸಾ ತನ್ನ ತಾರೀಖಿನವರೆಗೆ ನಡೆಯುತ್ತದೆ. ಅದನ್ನು ಕಿತ್ತು ಹೊಸದಕ್ಕೆ ಅಂಟಿಸಲು ಹೋಗಬೇಡಿ, ಕಿತ್ತರೆ ಕೆಟ್ಟಿತು. ಎರಡೂ ಪಾಸ್‌ಪೋರ್ಟ್ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕೈಚೀಲದಲ್ಲಿಟ್ಟುಕೊಳ್ಳಿ. ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಯ ಪಕ್ಕ ಇಡಬೇಡ್ರಿ.