ಮಸೂದೆಯಿಂದ ಅಧಿಸೂಚನೆಯವರೆಗೆ: ವಾಯುಮಾಲಿನ್ಯ ತಡೆಯುವ ಕಾನೂನು ರೂಪುಗೊಳ್ಳುವ ಬಗೆ

ಹೊಗೆ, ದೂಳಿನ ವಿರುದ್ಧ ಹೋರಾಡುವವರಲ್ಲಿ ಹಲವರು ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕ ದಿನವೇ ಕೆಲಸ ಮುಗಿಯಿತೆಂದು ಭಾವಿಸಿ ಸುಮ್ಮನಾಗುತ್ತಾರೆ. ಚಿಮಣಿಯಿಂದ ಎಷ್ಟು ಹೊಗೆ ಹೊರಬರಬಹುದು ಎಂಬುದು ತೀರ್ಮಾನವಾಗುವುದು ಆಮೇಲೆ.

ಮೊದಲ ಹಂತದಲ್ಲಿ ಕಾನೂನು ಮಾಡುವ ಅಧಿಕಾರ ಯಾರದೆಂಬುದು ಇತ್ಯರ್ಥವಾಗಬೇಕು. ನೀರು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳೇ ಕಾನೂನು ಮಾಡುವ, ವಿಷಯವಾದ್ದರಿಂದ 1974ರ ಜಲ ಕಾಯ್ದೆಗೆ ಕರ್ನಾಟಕವೂ ಸೇರಿ 12 ರಾಜ್ಯಗಳು ಮುಂಚಿತವಾಗಿ ನಿರ್ಣಯ ಅಂಗೀಕರಿಸಬೇಕಾಯಿತು. 1981ರ ವಾಯು ಕಾಯ್ದೆಗೆ ಆ ಅಗತ್ಯ ಬೀಳಲಿಲ್ಲ. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ತೀರ್ಮಾನಗಳನ್ನು ಜಾರಿಗೆ ತರಲು ಸಂವಿಧಾನದ 253ನೇ ವಿಧಿಯ ಬಲದಿಂದ ಸಂಸತ್ತೇ ಅದನ್ನು ರಚಿಸಿತು.

ಮಂಡನೆ, ಕಲಮುವಾರು ಚರ್ಚೆ, ಎರಡೂ ಸದನಗಳ ಒಪ್ಪಿಗೆ, ರಾಷ್ಟ್ರಪತಿಗಳ ಅಂಕಿತ, ಇವೆಲ್ಲ ಶಾಲಾಪಠ್ಯದಲ್ಲಿ ಓದಿದಂತೆಯೇ ನಡೆಯುತ್ತವೆ. ಆದರೆ ಮಸೂದೆಯನ್ನು ಸಂಸದೀಯ ಸಮಿತಿಗೆ ಒಪ್ಪಿಸಲೇಬೇಕೆಂದು ಒತ್ತಾಯಿಸಿ, ಏಕೆಂದರೆ ಜನರ ಅಹವಾಲು ಕಡತಕ್ಕೆ ಸೇರುವುದು ಅಲ್ಲಿ. ಸುಗ್ರೀವಾಜ್ಞೆಯ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ: ದೆಹಲಿ ಸುತ್ತಲಿನ ವಾಯು ಗುಣಮಟ್ಟ ನಿರ್ವಹಣಾ ಆಯೋಗವು 2020ರ ಅಕ್ಟೋಬರ್‌ನಲ್ಲಿ ಹಾಗೆ ಹುಟ್ಟಿ, 2021ರ ಮಾರ್ಚ್‌ನಲ್ಲಿ ಆಜ್ಞೆಯ ಅವಧಿ ತೀರಿ ರದ್ದಾಗಿ, ಮರುತಿಂಗಳು ಇನ್ನೊಂದು ಸುಗ್ರೀವಾಜ್ಞೆಯಿಂದ ಮರಳಿ, ಆಗಸ್ಟ್‌ನಲ್ಲಷ್ಟೇ ಕಾಯ್ದೆಯ ಆಸರೆ ಪಡೆಯಿತು.

ಹೆಚ್ಚಿನವರು ಎಡವುವುದು ನಿಯಮ ಮತ್ತು ಮಾನದಂಡಗಳ ಹಂತದಲ್ಲಿ. ಕಾಯ್ದೆ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಮಿತಿಗಳು ಬರುವುದು ರಾಜ್ಯಪತ್ರದ (ಗೆಜೆಟ್) ಅಧಿಸೂಚನೆಯಲ್ಲಿ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್‌ಗೆ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿದ್ದೂ, ಎರಡು ವರ್ಷದ ಆ ಗಡುವನ್ನು ಮತ್ತೆಮತ್ತೆ ಮುಂದೂಡಿದ್ದೂ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿದ್ದೂ ಅಧಿಸೂಚನೆಗಳ ಮೂಲಕವೇ. ಮೂಲ ಕಾಯ್ದೆಯಾದ ಪರಿಸರ ಸಂರಕ್ಷಣಾ ಕಾಯ್ದೆಯ ಒಂದಕ್ಷರವೂ ಅದಕ್ಕಾಗಿ ಬದಲಾಗಲಿಲ್ಲ.

ಆದ್ದರಿಂದ ಕರಡು ಅಧಿಸೂಚನೆ ಪ್ರಕಟವಾದೊಡನೆ ಅದನ್ನು ಪೂರ್ತಿ ಓದಿ. ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ; ಕೊನೆಯ ದಿನಾಂಕ ಕರಡಿನಲ್ಲೇ ಇರುತ್ತದೆ. ಯಾವ ಕಲಮಿಗೆ ಆಕ್ಷೇಪವಿದೆ, ಏಕೆ, ಅದರ ಬದಲಿಗೆ ಯಾವ ಪದಗಳು ಬರಬೇಕು ಎಂಬ ಮೂರನ್ನೂ ಬರೆಯಿರಿ. ‘ಮಾಲಿನ್ಯ ನಿಲ್ಲಿಸಿ’ ಎಂದಷ್ಟೇ ಬರೆದರೆ ಅಧಿಕಾರಿಗೆ ತಿದ್ದಲು ಏನೂ ಸಿಗುವುದಿಲ್ಲ. ಮಿತಿ ಎಷ್ಟು, ಅಳೆಯುವವರು ಯಾರು, ಎಷ್ಟು ದಿನಕ್ಕೊಮ್ಮೆ, ವರದಿ ಜನರಿಗೆ ಸಿಗುತ್ತದೆಯೇ ಎಂದು ಕೇಳಿ. ಅಳತೆಯ ವಿಧಾನ ಹೇಳದ ಮಿತಿಯನ್ನು ಯಾವ ಮಾಲಿನ್ಯ ನಿಯಂತ್ರಣ ಮಂಡಳಿಯೂ ಜಾರಿ ಮಾಡಲಾರದು. ಒಂದೇ ಗುಂಡಿ ಒತ್ತಿ ಸಾವಿರಾರು ಜನ ಕಳುಹಿಸುವ ಸಿದ್ಧ ಇಮೇಲ್‌ಗಳನ್ನು ನಾನಂತೂ ಸಲಹೆ ಮಾಡುವುದಿಲ್ಲ: ಅವುಗಳನ್ನು ಒಂದೇ ಆಕ್ಷೇಪಣೆಯೆಂದು ಬದಿಗಿಡುವುದು ಸುಲಭ.

ಅಂತಿಮ ಅಧಿಸೂಚನೆ ಹೊರಬಿದ್ದಾಗ ಅದನ್ನು ಕರಡಿನ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ರಚಿಸುವ ನಿಯಮಗಳನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು, ಮತ್ತು ಎರಡೂ ಸದನಗಳು ಒಪ್ಪಿದರೆ ಅವನ್ನು ತಿದ್ದಬಹುದು ಅಥವಾ ರದ್ದುಪಡಿಸಬಹುದು. ನಿಮ್ಮ ಸಂಸದರಿಗೆ ಪತ್ರ ಬರೆಯುವುದಿದ್ದರೆ ಆ ಅವಧಿಯೊಳಗೆ, ಕಲಮಿನ ಸಂಖ್ಯೆ ನಮೂದಿಸಿ ಬರೆಯಿರಿ.