ಸ್ಟೆಪ್ನಿ ಹೇಳಿಕೊಟ್ಟ ಟೈರ್ ಲೆಕ್ಕ

ನನ್ನದು 2013ರ ಸ್ವಿಫ್ಟ್, ವಿಎಕ್ಸ್‌ಐ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. "ಟೈರ್ ಹೊಸದು ಸಾರ್, ಇನ್ನೆರಡು ವರ್ಷ ಆ ಕಡೆ ತಿರುಗಿ ನೋಡೋ ಹಾಗಿಲ್ಲ" ಎಂದು ಕೊಟ್ಟವರು ಹೇಳಿದ್ದರು. ಹೊಸದೇ, ಸುಳ್ಳು ಹೇಳಿರಲಿಲ್ಲ. ಆದರೆ ಗಾಡಿ ಮನೆಗೆ ಬಂದ ವಾರದಿಂದಲೇ ಒಂದು ಕಿರಿಕಿರಿ. ನಮ್ಮ ಬೀದಿಯ ಹಂಪ್‌ಗೆ ಹೊಟ್ಟೆ ತಾಗುತ್ತಿತ್ತು. ಇಬ್ಬರಿದ್ದರೆ ಹೇಗೋ ದಾಟುತ್ತಿತ್ತು, ಹಿಂದೆ ಮೂವರು ಕೂತರೆ ಕರ್ರ್ ಅಂತ ಕೆರೆದೇ ಬಿಡೋದು. ಸಸ್ಪೆನ್ಷನ್ ಹೋಗಿದೆ ಅಂದ್ಕೊಂಡು ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ. ದುಡ್ಡು ಹೋಯಿತು, ಕೆರೆಯೋದು ನಿಲ್ಲಲಿಲ್ಲ. ಗಾಡಿಯ ಎತ್ತರ ಹಿಡಿಯೋದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ ಅನ್ನೋದು ಆಮೇಲೆ ಗೊತ್ತಾದ ವಿಷಯ.

ಇನ್ನೊಂದು ವಿಚಿತ್ರ ಇತ್ತು. ಹೈವೇಯಲ್ಲಿ ಸ್ಪೀಡೋಮೀಟರ್ 80 ತೋರಿಸಿದರೆ ಫೋನಿನ ಮ್ಯಾಪ್ 71, 72 ತೋರಿಸುತ್ತಿತ್ತು. ಮೀಟರ್ ಸ್ವಲ್ಪ ಜಾಸ್ತಿ ತೋರಿಸೋದು ಎಲ್ಲಾ ಗಾಡಿಯಲ್ಲೂ ಇದ್ದದ್ದೇ ಅಂತ ಸುಮ್ಮನಿದ್ದೆ.

2023ರ ಫೆಬ್ರವರಿಯಲ್ಲಿ ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಬಾಳ್ಳುಪೇಟೆ ಹತ್ತಿರ ಪಂಕ್ಚರ್ ಆಯಿತು. ಅಂಗಡಿಯ ಹುಡುಗ ಸ್ಟೆಪ್ನಿ ಇಳಿಸಿ, ಬಿಚ್ಚಿದ ಚಕ್ರದ ಪಕ್ಕ ನಿಲ್ಲಿಸಿ ನಕ್ಕ. "ಸಾರ್, ಸ್ಟೆಪ್ನಿ ಒಂದ್ ಸೈಜು, ಓಡ್ತಿರೋದು ಒಂದ್ ಸೈಜು." ನೋಡಿದರೆ ಸ್ಟೆಪ್ನಿ ಎರಡು ಬೆರಳು ಎತ್ತರ! ಸ್ಟೆಪ್ನಿ ಕಂಪನಿಯಿಂದ ಬಂದದ್ದು, 165/80 ಆರ್14. ನಾನು ಎರಡು ವರ್ಷ ಓಡಿಸಿದ್ದು 175/65 ಆರ್14. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದಲ್ಲ, ಅದರಲ್ಲೂ 165/80 ಅಂತಲೇ ಇತ್ತು. ದಿನಾ ಬಾಗಿಲು ತೆಗೆದವನು ನಾನೇ, ಓದಿರಲಿಲ್ಲ ಅಷ್ಟೇ.

ಮನೆಗೆ ಬಂದು ಲೆಕ್ಕ ಹಾಕಿದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಕೊನೆಯದು ಡಿಸ್ಕ್, ಅಂದರೆ ಟೈರ್ ಕೂರೋ ಲೋಹದ ಚಕ್ರದ ವ್ಯಾಸ, ಇಂಚಿನಲ್ಲಿ. ಎಲ್ಲರೂ ಎಡವೋದು ನಡುವಿನದರಲ್ಲಿ. 80 ಅಂದರೆ 80 ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 80. ಅಂದರೆ 165ರಲ್ಲಿ 132 ಮಿಲಿಮೀಟರ್ ಗೋಡೆ, ಡಿಸ್ಕ್ ಅಂಚಿನಿಂದ ರಸ್ತೆ ತನಕ ಟೈರಿನ ಎತ್ತರ. ಮೇಲೊಂದು ಕೆಳಗೊಂದು, ಒಟ್ಟು 264. ಅದಕ್ಕೆ 14 ಇಂಚಿನ 355.6 ಸೇರಿಸಿದರೆ ಪೂರ್ತಿ ಎತ್ತರ ಸುಮಾರು 620. ಇದೇ ಲೆಕ್ಕ 175/65ಕ್ಕೆ ಹಾಕಿದರೆ 583! ಹತ್ತಿರ ಹತ್ತಿರ ಶೇಕಡಾ 6 ಕಡಿಮೆ. ಗಾಡಿ 18 ಮಿಲಿಮೀಟರ್ ಕೆಳಗೆ ಕೂತಿತ್ತು, ಹಂಪ್ ಕೆರೆಯದೆ ಇನ್ನೇನು ಮಾಡೀತು? ಚಕ್ರ ಚಿಕ್ಕದಾದರೆ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ತಿರುಗಬೇಕು, ಮೀಟರ್ ಎಣಿಸೋದು ಆ ಸುತ್ತನ್ನೇ. ಮೀಟರ್ ಮೊದಲೇ ತೋರಿಸೋ ಜಾಸ್ತಿಗೆ ಇದೂ ಸೇರಿ 80 ಯಾಕೆ 71 ಆಗುತ್ತಿತ್ತು ಅನ್ನೋದೂ ಅಲ್ಲಿಗೆ ಬಗೆಹರಿಯಿತು.

ಭಯ ಆಗಿದ್ದು ಮಾತ್ರ ಇನ್ನೊಂದು ಸಂಖ್ಯೆ ನೋಡಿ. ಸೈಜಿನ ಪಕ್ಕದಲ್ಲೇ ಚಿಕ್ಕದಾಗಿ ಬರೆದಿರುತ್ತದೆ. ಸ್ಟೆಪ್ನಿಯಲ್ಲಿ 85, ಓಡುತ್ತಿದ್ದ ಟೈರಿನಲ್ಲಿ 82. ಅದು ಹೊರುವ ಭಾರದ ಕೋಡ್. 85 ಅಂದರೆ ಒಂದು ಟೈರಿಗೆ 515 ಕೆಜಿ, 82 ಅಂದರೆ 475. ನಾಲ್ಕಕ್ಕೆ ಸೇರಿ 160 ಕೆಜಿ ಕಡಿಮೆ. ಇದೇ ಟೈರಿನಲ್ಲಿ ಐದು ಜನ, ಮೇಲೆ ಲಗೇಜು ಹಾಕಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು.

ಮೇ ತಿಂಗಳಲ್ಲಿ, ಮಳೆಗೆ ಮುಂಚೆ ನಾಲ್ಕೂ ಬದಲಿಸೋಣ ಅಂತ ಹೊರಟೆ. ಮೊದಲ ಅಂಗಡಿಯವರು ಮತ್ತೆ 175/65 ತಂದಿಟ್ಟರು. "14 ಅಂದ್ರೆ 14 ಸಾರ್, ಎಲ್ಲಾ ಒಂದೇ." ಡಿಸ್ಕ್‌ಗೆ ಕೂರೋದು ಒಂದು, ಗಾಡಿಗೆ ಹೊಂದೋದು ಇನ್ನೊಂದು ಅಂತ ವಾದ ಮಾಡೋಕೆ ಹೋಗಲಿಲ್ಲ, ಎದ್ದು ಬಂದೆ. ಇನ್ನೊಬ್ಬರು 16 ಇಂಚಿನ ಅಲಾಯ್ ಹಾಕಿಸಿ, 195/55 ಕೂರಿಸಿಕೊಡ್ತೀನಿ ಅಂದರು. ಲೆಕ್ಕ ಹಾಕಿದರೆ ಎತ್ತರ 621, ಸರಿಯಾಗೇ ಇದೆ. ಆದರೆ ಗೋಡೆ ಬರೀ 107 ಮಿಲಿಮೀಟರ್. ನಮ್ಮ ಕಡೆ ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಆಳ ಕಾಣೋದಿಲ್ಲ. ಅಂಥ ಕಡೆ ತೆಳ್ಳನೆ ಗೋಡೆಯ ಟೈರ್ ಹಾಕಿದರೆ ಮೊದಲು ಬಗ್ಗೋದು ಅಲಾಯ್. ನೋಡೋಕೆ ಚೆಂದ, ಒಪ್ಪುತ್ತೇನೆ.

ಇದೇ ಗಾಡಿಯ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಕಂಪನಿ ಕೊಟ್ಟಿದ್ದು 185/65 ಆರ್15. ಅದರ ಎತ್ತರ 621.5. ಡಿಸ್ಕ್ ಬದಲಿಸೋ ಮನಸ್ಸಿದ್ದವರಿಗೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ನನಗೆ ಡಿಸ್ಕ್‌ಗೆ ಖರ್ಚು ಮಾಡೋ ಮನಸ್ಸಿರಲಿಲ್ಲ. ಇರೋ 14 ಇಂಚಿನ ಡಿಸ್ಕ್‌ಗೆ ಉಳಿದಿದ್ದು ಎರಡು, ಹಳೇ 165/80 ಇಲ್ಲವೇ 185/70. ಎರಡನೆಯದರ ಎತ್ತರ 615ರ ಹತ್ತಿರ, ವ್ಯತ್ಯಾಸ ಶೇಕಡಾ 1ರೊಳಗೆ. ಗೋಡೆ 129 ಚಿಲ್ಲರೆ, ಭಾರದ ಕೋಡ್ 88, ಅಂದರೆ 560 ಕೆಜಿ. ನನ್ನ ಡಿಸ್ಕ್ ಅಗಲ 5 ಇಂಚು, ಈ ಟೈರಿಗೆ ಅದು ನಡೆಯುತ್ತದೆ. ಇದಕ್ಕಿಂತ ಅಗಲ ಹೋಗೋ ಆಸೆ ಬೇಡ ಅನ್ನಿಸಿತು. ಅಗಲ ಜಾಸ್ತಿ ಆದಷ್ಟೂ ರಸ್ತೆ ಮೇಲೆ ನಿಂತ ನೀರಿನಲ್ಲಿ ತೇಲೋದು ಬೇಗ.

185/70 ಅಂತ ತೀರ್ಮಾನ ಮಾಡಿದ ಮೇಲೂ ನಾಲ್ಕು ದಿನ ಕಾದೆ. ಮೊದಲು ತೋರಿಸಿದ ಟೈರಿನ ಗೋಡೆ ಮೇಲೆ ನಾಲ್ಕಂಕಿಯ ಗುರುತು 1220 ಅಂತಿತ್ತು. 2020ರ 12ನೇ ವಾರದಲ್ಲಿ ಆಗಿದ್ದು, ಅಂದರೆ ಮೂರು ವರ್ಷ ಹಳೇದು. ಬೇಡ ಅಂದೆ. ಅಂಗಡಿಯವರ ಮುಖ ಸ್ವಲ್ಪ ಸಣ್ಣಗಾಯಿತು, ಆದರೆ 2023ರದ್ದನ್ನೇ ತರಿಸಿಕೊಟ್ಟರು. ಒಂದಕ್ಕೆ 5,200. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಬೇರೆ. ಹಾಕಿಸಿದ ಮೇಲೆ ಅಲ್ಲೇ ಹುಡುಗರನ್ನು ಹಿಂದೆ ಕೂರಿಸಿಕೊಂಡು ಸ್ಟೇರಿಂಗ್ ಈ ಕಡೆ ಪೂರ್ತಿ, ಆ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಎಲ್ಲೂ ಉಜ್ಜಲಿಲ್ಲ. ಸ್ಟೆಪ್ನಿ ಹಳೇ 165/80 ಆಗೇ ಇದೆ. 5 ಮಿಲಿಮೀಟರ್ ವ್ಯತ್ಯಾಸ, ಪಂಕ್ಚರ್ ಅಂಗಡಿ ತನಕ ಹೋಗೋಕೆ ಸಾಕು.

ಹಂಪ್ ಕೆರೆಯೋದು ನಿಂತಿದೆ. ಮೀಟರ್ 80 ಅಂದರೆ ಮ್ಯಾಪ್ 76 ಅನ್ನುತ್ತದೆ. ನಿಂತ ಗಾಡಿಯಲ್ಲಿ ಸ್ಟೇರಿಂಗ್ ಒಂಚೂರು ಭಾರ ಆಗಿದೆ, ಸುಳ್ಳು ಯಾಕೆ ಹೇಳಲಿ.

ಮೊದಲ ತಿಂಗಳು ಮಾತ್ರ ಮೈಲೇಜ್ ನೋಡಿ ಎದೆ ಧಸಕ್ಕೆಂದಿತು. 20 ಕೊಡುತ್ತಿದ್ದ ಗಾಡಿ 18.5ಕ್ಕೆ ಇಳಿದಿತ್ತು. ಅಗಲದ ಟೈರ್ ಹಾಕಿಸಬೇಡ ಅಂದಿದ್ದೆ ಅಲ್ವಾ ಅಂತ ಭಾವ ಛೇಡಿಸಿದರು. ಆಮೇಲೆ ಹೊಳೆಯಿತು, ಆ ಹಳೇ 20 ಇದ್ದದ್ದು ಚಿಕ್ಕ ಚಕ್ರದ ಮೀಟರಿನಲ್ಲಿ. ಸರಿಯಾದ ಎತ್ತರಕ್ಕೆ ಲೆಕ್ಕ ಹಾಕಿದರೆ ಅದು 18.8 ಅಷ್ಟೇ. ಎರಡು ವರ್ಷದಲ್ಲಿ 22,000 ಕಿಲೋಮೀಟರ್ ಅಂತ ಮೀಟರ್ ತೋರಿಸಿದ್ದರಲ್ಲಿ 1,300 ಗಾಡಿ ಓಡೇ ಇರಲಿಲ್ಲ. ಆ ಓಡದ ಕಿಲೋಮೀಟರಿಗೂ ಸೇರಿಸಿ ನಾನು ಆಯಿಲ್ ಬದಲಿಸಿದ್ದೆ.