ಸಂಬಳದ ರಿಜಿಸ್ಟರ್ ನೋಡಿದ ಮೇಲೆ

2022ರಲ್ಲಿ ಒಂದು ಫೌಂಡೇಶನ್ ನನಗೊಂದು ಕೆಲಸ ಒಪ್ಪಿಸಿತು. ಕರ್ನಾಟಕದ 11 ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಅವರು ಮೂರು ವರ್ಷ ಕೋರ್ ಫಂಡ್ ಕೊಟ್ಟಿದ್ದರು. ಅಂದರೆ ಇಂಥ ಪ್ರಾಜೆಕ್ಟಿಗೇ ಖರ್ಚು ಮಾಡಿ ಅನ್ನುವ ಷರತ್ತಿಲ್ಲದ ಹಣ. ಬಾಡಿಗೆ, ಅಕೌಂಟೆಂಟ್ ಸಂಬಳ, ಕರೆಂಟ್ ಬಿಲ್, ತರಬೇತಿ, ಯಾವುದಕ್ಕೆ ಬೇಕೋ ಅದಕ್ಕೆ. ಈ ಹಣದಿಂದ ಏನಾಯ್ತು ಅಂತ ನೋಡಿ ಹೇಳಿ ಅಂದರು.

ಆ ಪ್ರಶ್ನೆಯನ್ನೇ ತಲೆಯಲ್ಲಿಟ್ಟುಕೊಂಡು ಹೊರಟಿದ್ದು ನನ್ನ ಮೊದಲ ತಪ್ಪು. ಅಲ್ಲಿವರೆಗೆ ನಾನು ಮಾಡಿದ್ದೆಲ್ಲ ಪ್ರಾಜೆಕ್ಟ್ ಮೌಲ್ಯಮಾಪನ. ಎಷ್ಟು ಮಕ್ಕಳು, ಎಷ್ಟು ಸ್ವಸಹಾಯ ಸಂಘ, ಎಷ್ಟು ತರಬೇತಿ ಅಂತ ಎಣಿಸಿ ಗೊತ್ತು. ಅದೇ ಅಭ್ಯಾಸದಲ್ಲಿ ಉದ್ದನೆಯ ಪ್ರಶ್ನಾವಳಿ ಮಾಡಿ ಕಳಿಸಿದೆ. ಬಂದ ಉತ್ತರಗಳಲ್ಲಿ ಬೇರೆ ಫಂಡರ್‌ಗಳಿಗೆ ಬರೆದ ರಿಪೋರ್ಟಿನ ಸಾಲುಗಳೇ ಇದ್ದವು. ಅವರದ್ದೇನೂ ತಪ್ಪಿಲ್ಲ. ಸಾರಿಗೆ ಹಾಕಿದ ಉಪ್ಪು ಎಲ್ಲಿದೆ ತೋರಿಸಿ ಅಂದರೆ ಯಾರು ತಾನೇ ತೋರಿಸುತ್ತಾರೆ?

ದಾರಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಒಂದು ಸಂಸ್ಥೆಯಲ್ಲಿ. ನಿರ್ದೇಶಕರು ಹಳ್ಳಿಗೆ ಹೋಗಿದ್ದರು. ಆಫೀಸಿನಲ್ಲಿ ಅಕೌಂಟೆಂಟ್ ಒಬ್ಬರೇ. ನಾನು ವಾರ್ಷಿಕ ವರದಿ ತಿರುವಿ ಹಾಕುತ್ತಾ ಕೂತಿದ್ದೆ. ಸ್ವಲ್ಪ ಹೊತ್ತು ನೋಡಿದ ಆ ಅಕ್ಕ, "ಮೇಡಂ, ರಿಪೋರ್ಟ್ ಬಿಡ್ರಿ, ಇದನ್ನ ನೋಡ್ರಿ" ಅಂತ ಸಂಬಳದ ರಿಜಿಸ್ಟರ್ ಮುಂದಿಟ್ಟರು. ರಟ್ಟಿನ ಹೊದಿಕೆಯ ಉದ್ದ ಪುಸ್ತಕ. ಸಹಿ ಮಾಡಿದವರೆಲ್ಲ ಪಕ್ಕದಲ್ಲಿ ತಾರೀಕು ಬರೆದಿದ್ದರು. ಗ್ರಾಂಟ್ ಬರುವ ಮುಂಚಿನ ಪುಟಗಳಲ್ಲಿ ಜನವರಿ ಸಂಬಳ ಫೆಬ್ರವರಿ 9ಕ್ಕೆ, ಮಾರ್ಚ್ ಸಂಬಳ ಏಪ್ರಿಲ್ 22ಕ್ಕೆ ಆಗಿತ್ತು. ಏಪ್ರಿಲ್, ಮೇ ಎರಡೂ ಸೇರಿ ಜುಲೈನಲ್ಲಿ. ಗ್ರಾಂಟ್ ಬಂದ ಎರಡನೇ ವರ್ಷದಿಂದ ಪ್ರತಿ ಸಾಲಿನಲ್ಲೂ 5, 5, 6, 5. ನಡುವೆ ಒಂದೇ ಒಂದು 11 ಇತ್ತು. "ಅದು ಬ್ಯಾಂಕ್ ರಜಾ ರೀ" ಅಂದರು ಆ ಅಕ್ಕ, ಪೆನ್ನಿಂದ ಅದನ್ನು ತೋರಿಸುತ್ತಾ.

ಏಪ್ರಿಲ್‌ನಿಂದ ಜುಲೈವರೆಗೆ ಯಾಕೆ ಹಾಗೆ ಅಂತ ಈ ಕ್ಷೇತ್ರದವರಿಗೆ ಹೇಳಬೇಕಾಗಿಲ್ಲ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಹಣಕಾಸು ವರ್ಷದ ಲೆಕ್ಕಕ್ಕೆ ಕಟ್ಟಿಹಾಕಿಕೊಂಡಿರುತ್ತದೆ. ಮಾರ್ಚ್‌ಗೆ ಹಳೇ ಪ್ರಾಜೆಕ್ಟ್ ಮುಗಿಯುತ್ತದೆ, ಹೊಸದಕ್ಕೆ ಒಪ್ಪಿಗೆ ಸಿಕ್ಕಿ ಹಣ ಬರೋಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ. ಆ ತಿಂಗಳುಗಳಲ್ಲೇ ಅನುಭವಸ್ಥ ಕಾರ್ಯಕರ್ತರು ಕೆಲಸ ಬಿಡುವುದು. ಹೊಸಬರನ್ನು ತಂದು ತರಬೇತಿ ಕೊಟ್ಟು, ಊರಿನವರ ಜೊತೆ ಅವರಿಗೆ ಸಲುಗೆ ಬೆಳೆಯೋಷ್ಟರಲ್ಲಿ ಇನ್ನೊಂದು ಮಾರ್ಚ್ ಬಂದಿರುತ್ತದೆ.

ಅವತ್ತು ರಾತ್ರಿ ಲಾಡ್ಜಿನಲ್ಲಿ ಕೂತು ನನ್ನ ಪ್ರಶ್ನಾವಳಿ ಪೂರ್ತಿ ಬಿಟ್ಟೆ. ಪ್ರತಿ ಸಂಸ್ಥೆಯಲ್ಲೂ ಮೂರೇ ವಿಷಯ ನೋಡುವುದು ಅಂತ ತೀರ್ಮಾನಿಸಿದೆ. ಸಂಬಳ ಯಾವ ತಾರೀಕಿಗೆ ಆಗುತ್ತಿದೆ, ಮೂರು ವರ್ಷದ ಹಿಂದಿದ್ದ ಕಾರ್ಯಕರ್ತರಲ್ಲಿ ಇವತ್ತೂ ಎಷ್ಟು ಜನ ಇದ್ದಾರೆ, ನಾಳೆಯಿಂದ ಒಂದು ಪೈಸೆ ಬರದಿದ್ದರೂ ಕೈಯಲ್ಲಿರುವ ಹಣದಲ್ಲಿ ಎಷ್ಟು ತಿಂಗಳು ನಡೆಯುತ್ತದೆ. ಮೂರಕ್ಕೂ ದಾಖಲೆ ಇರುತ್ತದೆ, ಬಾಯಿಮಾತು ಬೇಕಿಲ್ಲ. ಅಮೆರಿಕದ ದಾನಸಂಸ್ಥೆ ಫೋರ್ಡ್ ಫೌಂಡೇಶನ್ 2016ರಲ್ಲಿ ಬಿಲ್ಡ್ ಅನ್ನುವ ಹೆಸರಲ್ಲಿ ಐದು ವರ್ಷದ ಗ್ರಾಂಟ್‌ಗಳನ್ನು ಶುರುಮಾಡಿತ್ತಲ್ಲ, ಅದರ ಮೌಲ್ಯಮಾಪನದಲ್ಲೂ ಸಂಸ್ಥೆ ಗಟ್ಟಿಯಾಯಿತಾ ಅನ್ನುವ ಪ್ರಶ್ನೆಗೆ ದೊಡ್ಡ ಜಾಗ ಇತ್ತು. ಅದನ್ನು ನಾನು ಮೊದಲೇ ಓದಿದ್ದೆ. ಆದರೆ ನನಗೆ ಅರ್ಥವಾಗಿದ್ದು ಆ ರಿಜಿಸ್ಟರ್ ನೋಡಿದ ಮೇಲೆ.

ಕೈಯಲ್ಲಿ ಉಳಿದ ಹಣದ ವಿಚಾರದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಟ್ರಸ್ಟುಗಳು ವರ್ಷದ ಆದಾಯದ ಶೇ. 85ರಷ್ಟನ್ನು ತಮ್ಮ ಉದ್ದೇಶಕ್ಕೆ ಬಳಸಬೇಕು ಅಂತ ಆದಾಯ ತೆರಿಗೆ ನಿಯಮ. ಶೇ. 15 ಉಳಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಉಳಿಸಬೇಕಾದರೆ ಯಾಕೆ ಅಂತ ಬರೆದು ತೆರಿಗೆ ಇಲಾಖೆಗೆ ಒಂದು ಫಾರ್ಮ್ ಹಾಕಬೇಕು. ಎಷ್ಟೋ ಸಣ್ಣ ಸಂಸ್ಥೆಗಳು ಆ ತಲೆನೋವೇ ಬೇಡ ಅಂತ ಮಾರ್ಚ್‌ನಲ್ಲಿ ಎಲ್ಲಾ ಖರ್ಚು ಮಾಡಿ ಮುಗಿಸುತ್ತವೆ. ಹಾಗಾಗಿ ಉಳಿತಾಯ ಕಡಿಮೆ ಇದೆ ಅಂದ ಮಾತ್ರಕ್ಕೆ ಆಡಳಿತ ಸರಿಯಿಲ್ಲ ಅಂತ ಬರೆಯಬೇಡಿ. ಅವರ ಆಡಿಟರ್ ಜೊತೆ ಅರ್ಧ ಗಂಟೆ ಮಾತಾಡಿ.

ಇನ್ನೊಂದು ಮುಖ್ಯವಾದ ವಿಷಯ. ಫೌಂಡೇಶನ್‌ನ ಪ್ರೋಗ್ರಾಂ ಆಫೀಸರ್ ಮೊದಲ ಎರಡು ಕಡೆ ನನ್ನ ಜೊತೆ ಬಂದಿದ್ದರು. ಒಳ್ಳೆಯವರು, ಸಂಸ್ಥೆಗಳಿಗೆ ಬೇಕಾದವರು. ಆದರೂ ಹಣ ಕೊಡುವವರು ಎದುರಿಗೆ ಕೂತಾಗ ಯಾರು ಮನಸ್ಸು ಬಿಚ್ಚಿ ಮಾತಾಡ್ತಾರೆ ಹೇಳಿ? ಮೂರನೆಯದಕ್ಕೆ ನಾನೊಬ್ಬಳೇ ಹೋದೆ. ಯಾರು ಏನಂದರು ಅಂತ ಫೌಂಡೇಶನ್‌ಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಆಗ ಗೊತ್ತಾಯ್ತು ನೋಡಿ. ಷರತ್ತಿಲ್ಲ ಅಂತ ಪತ್ರದಲ್ಲಿ ಬರೆದಿದ್ದ ಹಣಕ್ಕೆ ಮೂರು ತಿಂಗಳಿಗೊಮ್ಮೆ ಬಾಬ್ತುವಾರು ಯುಸಿ, ಅಂದರೆ ಯಾವುದಕ್ಕೆ ಎಷ್ಟು ಖರ್ಚಾಯಿತು ಅನ್ನುವ ಬಳಕೆ ಪ್ರಮಾಣಪತ್ರ, ಕೇಳುತ್ತಿದ್ದರು. ಹಾಗಾಗಿ 11ರಲ್ಲಿ 7 ಸಂಸ್ಥೆಗಳು ಈ ಹಣಕ್ಕೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬೇರೆ ಕಾಸ್ಟ್ ಸೆಂಟರ್ (ಖರ್ಚಿನ ಪ್ರತ್ಯೇಕ ಲೆಕ್ಕ) ತೆರೆದು, ಪ್ರಾಜೆಕ್ಟ್ ಹಣದ ಥರವೇ ಹೆದರಿ ಹೆದರಿ ಖರ್ಚು ಮಾಡಿದ್ದವು. ಒಬ್ಬ ನಿರ್ದೇಶಕರಂತೂ ಆಫೀಸಿನ ಸೋರುವ ಛಾವಣಿ ರಿಪೇರಿಗೆ ಈ ಹಣ ಮುಟ್ಟಬಹುದಾ ಅಂತ ಕೇಳಲು ಎಂಟು ತಿಂಗಳು ಹಿಂಜರಿದಿದ್ದರು. ಇದು ಸಂಸ್ಥೆಗಳ ದೋಷ ಅಲ್ಲ, ಕೊಟ್ಟವರದ್ದು. ವರದಿಯಲ್ಲಿ ಹಾಗೇ ಬರೆದೆ. ಕೇಳುವುದಿದ್ದರೆ ಸಂಸ್ಥೆಯ ಆಡಿಟ್ ಆದ ಲೆಕ್ಕ ಕೇಳಿ, ವರ್ಷಕ್ಕೊಮ್ಮೆ ಹೋಗಿ ಕೂತು ಮಾತಾಡಿ, ಯುಸಿ ನಿಲ್ಲಿಸಿ ಅಂದೆ. ನಿಲ್ಲಿಸಿದರು. ನನಗೆ ತುಂಬಾ ಸಮಾಧಾನ ಕೊಟ್ಟ ಸಂಗತಿ ಅದು.

ಬೋರ್ಡ್ ಮೀಟಿಂಗಿನಲ್ಲಿ ಒಬ್ಬ ಟ್ರಸ್ಟಿ, "ಒಂದು ಲಕ್ಷಕ್ಕೆ ಎಷ್ಟು ಫಲಾನುಭವಿಗಳು ಅಂತ ಎಲ್ಲೂ ಇಲ್ಲವಲ್ಲಮ್ಮ" ಅಂದರು. ಸಂಬಳದ ತಾರೀಕುಗಳ ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಸ್ವಂತ ಕಾರ್ಖಾನೆ ನಡೆಸಿದವರು. ಓದಿ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಏಪ್ರಿಲ್ ತಿಂಗಳ ಬಗ್ಗೆ ಮಾತ್ರ ಕೇಳಿದರು.

ಒಂದು ಸಂಸ್ಥೆಯ ಲೆಕ್ಕ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅಲ್ಲಿ ಸಂಬಳದ ತಾರೀಕೂ ಬದಲಾಗಿರಲಿಲ್ಲ, ಉಳಿತಾಯವೂ ಇರಲಿಲ್ಲ. ಲೆಜರ್ ಬಿಡಿಸಿ ನೋಡಿದರೆ, ಬೇರೊಂದು ಕಂಪನಿ ತನ್ನ ಪ್ರಾಜೆಕ್ಟಿನಲ್ಲಿ ಆಫೀಸ್ ಬಾಡಿಗೆ, ಅಕೌಂಟೆಂಟ್, ಮೇಲ್ವಿಚಾರಣೆ ಯಾವುದಕ್ಕೂ ಹಣ ಕೊಟ್ಟಿರಲಿಲ್ಲ. ಆ ಹಳ್ಳವನ್ನೆಲ್ಲ ಮೂರು ವರ್ಷ ತುಂಬಿದ್ದು ಈ ಕೋರ್ ಫಂಡ್. ಸಂಸ್ಥೆ ಮಾಡಿದ್ದು ತಪ್ಪಲ್ಲ, ಆ ಪ್ರಾಜೆಕ್ಟಿನಿಂದ ಊರಿಗೆ ಒಳ್ಳೆಯದೇ ಆಗಿದೆ. ಆದರೆ ಗ್ರಾಂಟ್ ಗೆದ್ದಿತಾ ಸೋತಿತಾ ಅನ್ನುವ ಕಾಲಂನಲ್ಲಿ ಏನು ಬರೆಯಬೇಕು? ನಾನು ಆ ಕಾಲಂ ಖಾಲಿ ಬಿಟ್ಟು, ಪಕ್ಕದಲ್ಲಿ ಆ ಪ್ರಾಜೆಕ್ಟಿನ ನಿಜವಾದ ಖರ್ಚಿನ ಲೆಕ್ಕ ಬರೆದು ಕೊಟ್ಟೆ. ಮುಂದಿನ ಸಲ ಆ ಕಂಪನಿ ಜೊತೆ ಮಾತಾಡಲು ಹೋದಾಗ ನಿರ್ದೇಶಕರು ಅದೇ ಹಾಳೆಯನ್ನು ತೆಗೆದುಕೊಂಡು ಹೋದರಂತೆ.